ಬಾಗಿಲಿಲ್ಲದ ಮಗುವಿನ ಹೆಸರು

ಮಾರ್ಚ್ 3, ಗುರುವಾರ

ಮಗು ಹುಟ್ಟಿದೆ. ಮೇ ನಡುವಿನಲ್ಲಿ ಬರಬೇಕಾದವಳು ನಿನ್ನೆಯೇ ಬಂದುಬಿಟ್ಟಳು. ಹೆಣ್ಣು, ಸಾವಿರದ ಇನ್ನೂರ ಎಂಬತ್ತು ಗ್ರಾಂ. ಮಗ ಗ್ಯೂಹೊ ದೇಗು ಪಟ್ಟಣದ ಆಸ್ಪತ್ರೆಯಿಂದ ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿ ಕೂತು ಬೋರೆ ಮರದ ತುಂಡಿನ ಮೇಲೆ ಸಹಿಯ ಬದಲು ಒತ್ತುವ ಯಾರದೋ ಹೆಸರಿನ ಮುದ್ರೆ ಕೆತ್ತುತ್ತಿದ್ದೆ. ತೂಕ ಕೇಳಿದ ತಕ್ಷಣ ಮನಸ್ಸು ಎರಡು ದೊಡ್ಡ ಪೇರ್ ಹಣ್ಣು ಎಂದಿತು. ಇಂಥ ಹೊತ್ತಿನಲ್ಲಿ ಮನಸ್ಸು ಹಣ್ಣಿನಂಗಡಿಗೆ ಯಾಕೆ ಹೋಗುತ್ತದೋ ಗೊತ್ತಿಲ್ಲ.

ಫೋನ್ ಇಡುವ ಮುಂಚೆ ಗ್ಯೂಹೊ ಗಂಟಲು ಸರಿಮಾಡಿಕೊಂಡ. "ಅಪ್ಪ, ಒಂದು ಮಾತು. ಹೆಸರು ಗಿಸರು ಅಂತ ಈಗಲೇ ಶುರು ಮಾಡ್ಬೇಡಿ. ಸೆರೊಮ್ ಬೇಡ ಅಂದಿದಾಳೆ."

ಆಯಿತು ಎಂದೆ. ಸೆರೊಮ್ ನನ್ನ ಸೊಸೆ. ಅವಳು ಹಾಗೆ ಅಂದದ್ದು ಯಾಕೆಂದು ನನಗೆ ಗೊತ್ತು. ಎರಡು ವರ್ಷದ ಹಿಂದೆ ಮೊದಲನೆಯದು ಅವಳ ಹೊಟ್ಟೆಯಲ್ಲಿ ಐದು ತಿಂಗಳಾಗಿದ್ದಾಗ, ಗಂಡು ಎಂದು ತಿಳಿದು, ನಾನು ಹೆಸರಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ, ಮುದ್ರೆಯನ್ನೂ ಕೆತ್ತಿ ಹೊಸ ವರ್ಷದ ಹಬ್ಬದ ದಿನ ಅವಳ ಅಂಗೈಯಲ್ಲಿಟ್ಟೆ. ಏಳನೆಯ ತಿಂಗಳಲ್ಲಿ ಆ ಮಗುವಿನ ಎದೆಬಡಿತ ನಿಂತಿತು. ಮುದ್ರೆಯನ್ನು ಗ್ಯೂಹೊನ ಅಮ್ಮ ಒಲೆಗೆ ಹಾಕಿದಳು. ನನಗೊಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಈಗ ಅನ್ನುವುದಕ್ಕೆ ಅವಳೂ ಇಲ್ಲ, ಹೋದ ಅಕ್ಟೋಬರಿನಲ್ಲಿ ಹೋದಳು.

ಹುಟ್ಟಿದ ಒಂದು ತಿಂಗಳೊಳಗೆ ಮಗುವಿನ ಹೆಸರು ಬರೆಸಬೇಕು ಎನ್ನುತ್ತದೆ ಕಾನೂನು. ಏಪ್ರಿಲ್ ಒಂದಕ್ಕೆ ಗಡುವು ಮುಗಿಯುತ್ತದೆ. ಅಷ್ಟರಲ್ಲಿ ಮಗು ಉಳಿಯಬೇಕು, ಹೆಸರೂ ಸಿಗಬೇಕು. ನಾನು ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು.

ಮಾರ್ಚ್ 5, ಶನಿವಾರ

ಬೆಳಗಿನ ಬಸ್ಸಿಗೆ ಯೊಂಗ್ಜುವಿನಿಂದ ದೇಗುವಿಗೆ ಹೋಗಿಬಂದೆ. ಒಳಗೆ ಅಪ್ಪ ಅಮ್ಮ ಇಬ್ಬರಿಗೇ ಪ್ರವೇಶ. ಅಜ್ಜಂದಿರು ಗಾಜಿನ ಈಚೆ. ನರ್ಸ್ ಪರದೆ ಸರಿಸಿ ಒಂದೇ ಒಂದು ನಿಮಿಷ ಎಂದಳು.

ಏನು ಬರೆಯಲಿ. ನಲವತ್ತೈದು ವರ್ಷ ಕೂದಲೆಳೆಯಷ್ಟು ತೆಳುವಾದ ಗೆರೆ ಕೆತ್ತಿದವನು ನಾನು, ಸಣ್ಣದೆಂದರೆ ಏನೆಂದು ಗೊತ್ತು ಎಂದುಕೊಂಡಿದ್ದೆ. ಏನೂ ಗೊತ್ತಿರಲಿಲ್ಲ. ಚರ್ಮದ ಒಳಗೆ ರಕ್ತ ಓಡುವುದು ಕಾಣಿಸುತ್ತದೆ, ಕಾಗದದ ಬಾಗಿಲಿನ ಆಚೆ ಯಾರೋ ದೀಪ ಹಿಡಿದು ಓಡಾಡಿದ ಹಾಗೆ. ಎದೆ ಏಳುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ಮರೆತು ನಿಲ್ಲುತ್ತದೆ, ಆಮೇಲೆ ನೆನಪು ಮಾಡಿಕೊಂಡು ಮತ್ತೆ ಏಳುತ್ತದೆ. ಅದು ನೆನಪು ಮಾಡಿಕೊಳ್ಳುವವರೆಗೆ ನಾನೂ ಉಸಿರಾಡಲಿಲ್ಲ. ಅವಳನ್ನಿಟ್ಟ ಪೆಟ್ಟಿಗೆಯ ಹೆಸರು ಇನ್ಕ್ಯುಬೇಟರ್. ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಅದು ಕೋಳಿಮೊಟ್ಟೆ ಮರಿಮಾಡುವ ಯಂತ್ರವಾಗಿತ್ತು, ಅಷ್ಟು ಮಾತ್ರ ನೆನಪಿದೆ.

ಪೆಟ್ಟಿಗೆಗೆ ಒಂದು ಚೀಟಿ ಅಂಟಿಸಿದ್ದಾರೆ: ತಾಕ್ ಸೆರೊಮ್ ಅವರ ಮಗು. ಅಷ್ಟೇ.

ಮೂರು ಸೆಮಿಸ್ಟರ್ ಇಂಗ್ಲಿಷ್ ಓದಿದ್ದೆ, ಅಪ್ಪ ತೀರಿಕೊಂಡು ಮುದ್ರೆ ಅಂಗಡಿಯಲ್ಲಿ ಕೂರುವವರೆಗೆ. ಮೇಷ್ಟ್ರು ಒಂದು ದಿನ ಹಲಗೆಯ ಮೇಲೆ ‘ಪ್ರಾಪರ್ ನೌನ್’ ಎಂದು ಬರೆದು, ಮನುಷ್ಯರ ಹೆಸರಿಗೆ ಅರ್ಥವಿಲ್ಲ, ಅದು ಗುರುತಿಗೆ ಅಂಟಿಸಿದ ಚೀಟಿ ಎಂದರು. ನಾನು ಎದ್ದು ನಿಂತೆ. ಸರ್, ನಿಮ್ಮ ಹೆಸರಿನಲ್ಲಿ ಬೆಟ್ಟವಿದೆ, ನನ್ನ ಚಾಂಗ್‌ಸೊಕ್‌ನಲ್ಲಿ ತವರ ಲೋಹವಿದೆ, ಈ ಕ್ಲಾಸಿನಲ್ಲಿ ಮೂರು ನದಿ ಒಂದು ಮುತ್ತು ಕೂತಿವೆ ಎಂದೆ. ಎಲ್ಲ ನಕ್ಕರು, ಮೇಷ್ಟ್ರೂ ನಕ್ಕರು. ಇವತ್ತು ಅವರು ಹೇಳಿದ ಚೀಟಿಯನ್ನು ಕಣ್ಣಾರೆ ನೋಡಿದೆ.

ಮಾರ್ಚ್ 9, ಬುಧವಾರ

ಯುನ್‌ಸೊಕ್ ಅಣ್ಣ ಅಂಗಡಿಗೆ ಬಂದಿದ್ದ. ದೊಡ್ಡಪ್ಪನ ಮಗ, ಎಂಬತ್ತರ ಹತ್ತಿರ. ನಮ್ಮ ಪ್ಯೊ ಮನೆತನದ ವಂಶಾವಳಿ ಮೂವತ್ತು ವರ್ಷಕ್ಕೊಮ್ಮೆ ಹೊಸದಾಗಿ ಅಚ್ಚಾಗುತ್ತದೆ. ಈ ಸಲ ಅದರ ಜವಾಬ್ದಾರಿ ಅವನದು. ತಿಂಗಳ ಕೊನೆಗೆ ಹೆಸರಿನ ಚೀಟಿಗಳು ಅವನ ಕೈ ಸೇರಬೇಕಂತೆ.

"ಹೆಣ್ಣಂತಲ್ಲೋ," ಎಂದ. "ಇರಲಿ ಬಿಡು. ಈಗಿನ ಪುಸ್ತಕದಲ್ಲಿ ಹೆಣ್ಣುಮಕ್ಕಳಿಗೂ ಜಾಗ ಮಾಡಿದೀವಿ."

ಮಗು ಹೇಗಿದೆ ಎಂದು ಆಮೇಲೆ ಕೇಳಿದ. ಅವನ ಸ್ವಭಾವವೇ ಹಾಗೆ.

ಬಾಯಿ ಮುಚ್ಚಿಕೊಂಡಿರಬೇಕೆಂದು ಬರೆದು ವಾರವಾಗಿರಲಿಲ್ಲ. ಆದರೆ ಅವನು ತಲೆಮಾರಿನ ಮಾತು ತೆಗೆದ ಕೂಡಲೇ ನನಗೆ ಮೈಮೇಲೆ ಬಂದ ಹಾಗಾಯಿತು. ಎಷ್ಟು ಸಲ ಕೇಳಿದ್ದರೂ ಅದು ಹಾಗೇ ಆಗುತ್ತದೆ. ಪ್ಯೊ ಎನ್ನುವುದು ಎಲ್ಲರಿಗೂ ಒಂದೇ. ಉಳಿದ ಎರಡಕ್ಷರದಲ್ಲಿ ಒಂದು ಮಗುವಿನದು, ಇನ್ನೊಂದು ಅದರ ಇಡೀ ತಲೆಮಾರಿನದು. ಆ ಅಕ್ಷರವನ್ನು ನಾವು ಆರಿಸುವಂತಿಲ್ಲ, ಸತ್ತುಹೋದವರು ಮುಂಚೆಯೇ ಆರಿಸಿಟ್ಟಿದ್ದಾರೆ. ಅಜ್ಜನ ಹೆಸರಿನಲ್ಲಿ ಬೆಂಕಿ. ಬೆಂಕಿ ಉರಿದು ಬೂದಿಯಾಗಿ ಮಣ್ಣಾಗುತ್ತದೆ, ಅಪ್ಪನ ಹೆಸರಿನಲ್ಲಿ ಮಣ್ಣು. ಮಣ್ಣಿನ ಹೊಟ್ಟೆಯಲ್ಲಿ ಲೋಹ, ಅದು ನಾನು, ಯುನ್‌ಸೊಕ್ ಅಣ್ಣ, ನಮ್ಮ ಜೊತೆಯ ಎಲ್ಲ ಸೊಕ್‌ಗಳು. ತಣ್ಣನೆಯ ಲೋಹದ ಮೇಲೆ ನೀರು ಕೂರುತ್ತದೆ. ಗ್ಯೂಹೊನ ಹೊ ಎಂದರೆ ಅಗಲವಾದ ನೀರು. ನೀರಿನಿಂದ ಮರ. ಮಗುವಿನದು ಮರದ ತಲೆಮಾರು, ಅದಕ್ಕೆ ಇಟ್ಟ ಅಕ್ಷರ ಗುನ್, ಅಂದರೆ ಬೇರು. ಮುಖವನ್ನೇ ಕಾಣದ ಆ ಹಿರಿಯರು ಇವಳಿಗೊಂದು ಬೇರು ಎತ್ತಿಟ್ಟಿದ್ದಾರಲ್ಲ ಎಂದುಕೊಂಡಾಗ ಕೈಯ ರೋಮ ಎದ್ದಿತು.

ಬಾಯಿಂದ ಬಂದೇ ಬಿಟ್ಟಿತು. "ಗುನ್‌ಯೊಂಗ್ ಅಂದ್ರೆ ಹೇಗಿರುತ್ತೆ ಅಣ್ಣ? ಬೇರು, ಹೂವು."

ಅಣ್ಣ ಬಾರ್ಲಿ ಚಹಾದ ಲೋಟ ಕೆಳಗಿಟ್ಟ. ನನ್ನನ್ನು ನೋಡಿದ, ಗೋಡೆಯ ಮೇಲಿನ ನಮ್ಮಪ್ಪನ ಫೋಟೋ ನೋಡಿದ.

"ಲೋ, ಐದು ತಲೆಗೊಂದು ಸಲ ಚಕ್ರ ತಿರುಗಿ ಬರುತ್ತೆ ಅಂತ ಮರೆತೆಯಾ? ಹತ್ತು ತಲೆ ಮೇಲೂ ಮರವೇ ಅಲ್ಲವೇನೋ? ಗುನ್‌ಯೊಂಗ್ ಆ ತಲೆಯವನು, ನಿನ್ನ ನೇರ ಮೂಲ ತಾತಂದಿರಲ್ಲಿ ಒಬ್ಬ. ಮಗು ಹಟ ಮಾಡಿದ್ರೆ ತಾತನ ಹೆಸರು ಹಿಡಿದು ಗದರ್ತೀಯಾ? ಕುಂಡೆ ತೊಳೆಯೋಕೆ ಬಾರೋ ತಾತ ಅಂತೀಯಾ?"

ಹಿರಿಯರ ಹೆಸರನ್ನು ಬಾಯಲ್ಲಿ ಆಡುವುದೇ ತಪ್ಪು, ಮಗುವಿಗೆ ಇಡುವುದಂತೂ ದೂರ. ಮೂರನೆಯ ಕ್ಲಾಸಿನ ಹುಡುಗನಿಗೂ ಗೊತ್ತಿರುವ ವಿಷಯ. ಊರಿಗೆಲ್ಲ ಹೆಸರು ಕೆತ್ತಿದ ನನಗೆ ಮರೆತುಹೋಯಿತು. ಕಿವಿ ಸುಟ್ಟುಹೋದ ಹಾಗಾಯಿತು. ಇನ್ನು ಮುಂದೆ ಹೀಗಾಗಬಾರದೆಂದು ಅಣ್ಣ ಹಳೆಯ ವಂಶಾವಳಿಯ ಐದು ಸಂಪುಟ ಕಳಿಸುತ್ತೇನೆಂದ, ಮೊದಲಿಂದ ಓದಿಕೊಂಡು ಆಮೇಲೆ ಬಾಯಿ ತೆರೆ ಎಂದ.

ಸೆರೊಮ್‌ಗೆ ಇದೆಲ್ಲ ತಿಳಿಯದಿದ್ದರೆ ಸಾಕು.

ಮಾರ್ಚ್ 13, ಭಾನುವಾರ

ಮೂರು ದಿನದಿಂದ ಓದುತ್ತಿದ್ದೇನೆ. ಅನ್ನದ ಕುಕ್ಕರ್ ಆರಿಸಲು ಮರೆತು ತಳ ಸೀದಿತು.

ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಸಮಾಧಿ ಯಾವ ಗುಡ್ಡದ ಯಾವ ಮಗ್ಗುಲಿಗೆ. ಮತ್ತೆ ಹೆಸರು. ಬೇರೇನೂ ಇಲ್ಲ, ಆದರೂ ನಿಲ್ಲಿಸಲಾಗುವುದಿಲ್ಲ. ಯಾರೋ ಒಬ್ಬ ಹತ್ತೊಂಬತ್ತಕ್ಕೆ ಸತ್ತಿದ್ದಾನೆ, ಅವನ ಹೆಸರಿನ ಅರ್ಥ ದೀರ್ಘಾಯುಷಿ. ಒಬ್ಬನಿಗೆ ಆರು ಗಂಡುಮಕ್ಕಳು, ಆರು ಜನಕ್ಕೂ ಒಂದೇ ಅಕ್ಷರ ಹಂಚಿ ಉಳಿದರ್ಧಕ್ಕೆ ಬೇರೆ ಬೇರೆ ರತ್ನ ಇಟ್ಟಿದ್ದಾನೆ. ಆ ಅಪ್ಪ ದೀಪದ ಮುಂದೆ ಕೂತು ಬೆರಳು ಮಡಿಚುತ್ತ ಹುಡುಕಿರಬೇಕು. ಬೆಂಕಿ ಮಣ್ಣು ಲೋಹ ನೀರು ಮರ, ಬೆಂಕಿ ಮಣ್ಣು ಲೋಹ ನೀರು ಮರ. ಯುದ್ಧ ಬಂದರೂ ಕ್ಷಾಮ ಬಂದರೂ ಒಬ್ಬರೂ ಸರದಿ ತಪ್ಪಿಸಿಲ್ಲ. ಪುಟ ತಿರುವುವಾಗ ಜೋರಾಗಿ ಉಸಿರಾಡಲು ಭಯವಾಗುತ್ತದೆ.

ಇವತ್ತು ನಾಲ್ಕನೆಯ ಸಂಪುಟದಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮುಂಚೆಯೂ ಕಣ್ಣಿಗೆ ಬಿದ್ದದ್ದೇ, ಆದರೆ ಕಂಡಿರಲಿಲ್ಲ. ಮಗಳು ಹುಟ್ಟಿದರೆ ‘ಮಗಳು’ ಎಂದು ಬರೆದು ಕೆಳಗೆ ಅಳಿಯನ ಹೆಸರು. ಸೊಸೆ ಬಂದರೆ ಅವಳ ತವರು ಮೂಲದ ಊರು, ಮನೆತನ, ಅವಳ ಅಪ್ಪನ ಹೆಸರು. ಅವಳದು ಇಲ್ಲ. ಹಿಂದಕ್ಕೆ ತಿರುವಿದೆ. ಐನೂರು ವರ್ಷ ಹಿಂದಕ್ಕೆ ಹೋದರೂ ಇಲ್ಲ. ಇಷ್ಟು ಹೆಸರು ಹೆತ್ತವರಿಗೆ ಹೆಸರಿಲ್ಲ. ಕಾಲೇಜಿನಲ್ಲಿ ‘ಅನ್‌ಕೌಂಟಬಲ್’ ಎಂದು ಎಣಿಸಲಾಗದವುಗಳ ಒಂದು ಪಟ್ಟಿ ಕಲಿಸಿದ್ದರು: ನೀರು, ಮರಳು, ಅಕ್ಕಿ.

ನನ್ನ ಪುಟ ತೆಗೆದೆ. ಪ್ಯೊ ಚಾಂಗ್‌ಸೊಕ್. ಹೆಂಡತಿ: ಹೇಪ್ಯೊಂಗ್ ಮೂಲದ ಗಿಲ್ ಮನೆತನ. ಅಷ್ಟೇ. ಗುಡ್ಡದ ಮೇಲಿನ ಅವಳ ಸಮಾಧಿಯ ಕಲ್ಲಿನಲ್ಲೂ ಇಷ್ಟೇ ಇದೆ. ಅದನ್ನು ಕೆತ್ತಿದವನು ನಾನು. ಕೆತ್ತುವಾಗ ಏನೂ ಅನ್ನಿಸಿರಲಿಲ್ಲ. ಅಕ್ಷರ ಸಾಲಾಗಿ ಬಂದಿವೆ ಎಂದು ಸಮಾಧಾನಪಟ್ಟಿದ್ದೆ.

ಮಾರ್ಚ್ 16, ಬುಧವಾರ

ಮಗುವಿಗೆ ಸೋಂಕು. ತೆಗೆದಿದ್ದ ಉಸಿರಿನ ನಳಿಗೆ ಮತ್ತೆ ಹಾಕಿದ್ದಾರೆ. ಗ್ಯೂಹೊನ ಧ್ವನಿ ಅವನದೇ ಅಲ್ಲವೇನೋ ಎಂಬಂತಿತ್ತು.

ಮಾರ್ಚ್ 17, ಗುರುವಾರ

ಹಾಗೇ ಇದೆ.

ಮಾರ್ಚ್ 19, ಶನಿವಾರ

ಅಂಗಡಿ ತೆರೆಯಲಿಲ್ಲ. ನನಗೆ ಆರು ವರ್ಷವಾಗುವವರೆಗೆ ಅಮ್ಮ ನನ್ನನ್ನು ನಾಯಿಹೇಲು ಎಂದು ಕರೆಯುತ್ತಿದ್ದಳು. ಚೆಂದದ ಹೆಸರು ಕಿವಿಗೆ ಬಿದ್ದರೆ ಸಾವು ಎತ್ತಿಕೊಂಡು ಹೋಗುತ್ತದೆ, ಹೇಲನ್ನು ಯಾರು ಎತ್ತುತ್ತಾರೆ ಎಂದು. ಈ ಮಗುವಿಗೆ ಚೆಂದದ್ದೂ ಇಲ್ಲ, ಹೇಲೂ ಇಲ್ಲ. ಆದರೂ ಸಾವು ಬಂದು ಬಗ್ಗಿ ನೋಡುತ್ತಿದೆಯಲ್ಲ.

ಮಾರ್ಚ್ 22, ಮಂಗಳವಾರ

ಜ್ವರ ಇಳಿದಿದೆ. ಉಸಿರಿನ ನಳಿಗೆ ತೆಗೆದರು. ಇಪ್ಪತ್ತು ದಿನದ ಜೀವ, ಒಂದೂವರೆ ಕೆಜಿಯೂ ಇಲ್ಲ, ಹೋಗಿ ಅದನ್ನು ಎದುರಿಸಿ ಬಂತು. ನಾನು ಅಂಗಡಿಯ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಯಾರಿಗೆ ಮಾಡಿದೆನೋ ಗೊತ್ತಿಲ್ಲ, ಬಹುಶಃ ಆ ಮಗುವಿಗೇ.

ಮಾರ್ಚ್ 24, ಗುರುವಾರ

ಸೆರೊಮ್ ಬಂದಿದ್ದಳು, ಒಬ್ಬಳೇ. ಹೆರಿಗೆಯಾದವಳು ಹೀಗೆ ಗಾಳಿಯಲ್ಲಿ ಬರಬಾರದು ಎಂದು ಗದರಿ ಬಾಣಂತಿಗೆ ಕೊಡುವ ಕಡಲಸೊಪ್ಪಿನ ಸಾರು ಬಿಸಿ ಮಾಡಿದೆ. ಪೂರ್ತಿ ಕುಡಿದಳು. ಗೋಡೆಗೊರಗಿಸಿಟ್ಟ ಐದು ಸಂಪುಟ ನೋಡಿದಳು. ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ.

"ಮಾವ, ಅತ್ತೆ ಹೆಸರು ಮಾಲ್ಹಿ ಅಂತ ನಂಗೆ ಗೊತ್ತಾಗಿದ್ದು ಸಾವಿನ ದಿನ ಕೋಣೆ ಮುಂದೆ ಹಾಕಿದ್ದ ಹೆಸರಿನ ಬೋರ್ಡ್ ನೋಡಿದ ಮೇಲೆ. ಆರು ವರ್ಷ ಈ ಮನೆ ಸೊಸೆ ನಾನು. ಹಾಗಂದ್ರೆ ಏನು?"

ಕೊನೆಯ ಹುಡುಗಿ ಎಂದೆ. ಅವರಪ್ಪನಿಗೆ ಮೂರನೆಯದೂ ಹೆಣ್ಣಾದಾಗ ಇನ್ನು ಸಾಕು ಎಂದು ಇಟ್ಟ ಹೆಸರು. ಆದರೂ ಅವಳ ಹಿಂದೆ ಇನ್ನೂ ಇಬ್ಬರು ಹುಡುಗಿಯರು ಬಂದರು. ಕೊನೆ ಅಂತ ಬೋರ್ಡ್ ಹಾಕಿಕೊಂಡು ನಿಂತಿದ್ದೆ, ಯಾರೂ ಓದಲಿಲ್ಲ ಎಂದು ಅವಳೇ ನಗುತ್ತಿದ್ದಳು. ಸೆರೊಮ್‌ಗೂ ನಗು ಬಂತು, ನಕ್ಕು ಬಟ್ಟಲೊಳಗೆ ನೋಡುತ್ತ ಕೂತಳು. ಆಮೇಲೆ ಹೇಳಿದಳು. ನರ್ಸ್‌ಗಳು ಮಗುವಿನ ಜೊತೆ ಮಾತಾಡಿ ಎನ್ನುತ್ತಾರಂತೆ. ಇವಳಿಗೆ ಬಾಯಿ ಬರುವುದಿಲ್ಲವಂತೆ. ಕರೆಯಲು ಏನೂ ಇಲ್ಲ. ಹೊಟ್ಟೆಯಲ್ಲಿದ್ದಾಗಲೂ ಎಲ್ಲರ ಹಾಗೆ ಮುದ್ದಿನ ಹೆಸರು ಇಡಲಿಲ್ಲ, ಬೇಕೆಂದೇ ಇಡಲಿಲ್ಲ.

"ಹೆಸರು ಹಿಡಿದು ಕರೆದ್ರೆ ಹೋಗಿಬಿಡ್ತಾಳೆ ಅನ್ಸುತ್ತೆ ಮಾವ. ಅವನು ಹೋದ ಹಾಗೆ."

ಆ ಮುದ್ರೆಯ ಬಗ್ಗೆ ಕ್ಷಮೆ ಕೇಳಬೇಕಿತ್ತು. ಎರಡು ವರ್ಷದಿಂದ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದ ಮಾತು. ಅದನ್ನು ಬಿಟ್ಟು ಬೇರೆ ಏನೋ ಬಂತು. ಅಕ್ಟೋಬರಿನಲ್ಲಿ, ಕೊನೆಯ ದಿನ, ಕಿವಿ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಹೆಸರು ಹಿಡಿದು ಕರೆಯಿರಿ ಎಂದು ಡಾಕ್ಟರ್ ಹೇಳಿದ್ದರು. ನಾನು ಹಾಸಿಗೆಯ ಪಕ್ಕ ನಿಂತು, ಇಲ್ಲಿ ನೋಡು, ಗ್ಯೂಹೊನ ಅಮ್ಮ, ಇಲ್ಲಿ ನೋಡು ಎಂದೆ. ನಾಲಿಗೆ ಅದರಾಚೆ ಹೊರಳಲಿಲ್ಲ. ಅಭ್ಯಾಸವಿರಲಿಲ್ಲ. ಇದನ್ನು ಗ್ಯೂಹೊಗೂ ಹೇಳಿರಲಿಲ್ಲ.

"ನಲವತ್ತು ವರ್ಷ ನಾನು ಒಂದು ಸಲಾನೂ ಹೆಸರು ಹಿಡಿದು ಕರೀಲಿಲ್ಲ ಕಣಮ್ಮ," ಎಂದೆ. "ಆದ್ರೂ ಹೋದಳು."

ಸೆರೊಮ್ ಎದ್ದು ಬಟ್ಟಲು ತೊಳೆದಳು. ಬಸ್ ನಿಲ್ದಾಣದಲ್ಲಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೆಸರು ನಾನೇ ಇಡ್ತೀನಿ ಮಾವ, ನೀವು ಬೇಜಾರು ಮಾಡ್ಕೋಬಾರದು ಎಂದಳು. ಯಾಕೆ ಬೇಜಾರು ಎಂದೆ. ಬಸ್ ಹೋದ ಮೇಲೆ ಸ್ವಲ್ಪ ಬೇಜಾರಾಯಿತು. ಬೇರು ಹೋಯಿತಲ್ಲ ಎಂದು.

ಮಾರ್ಚ್ 30, ಬುಧವಾರ

ಮಧ್ಯಾಹ್ನ ಸೆರೊಮ್ ಫೋನ್. ಹಲೋ ಕೂಡ ಅನ್ನದೆ ಶುರುಮಾಡಿದಳು.

ಅವಳು ಹುಟ್ಟಿದ್ದು ಉಲ್ಜಿನ್ ಕಡಲ ತೀರದ ಹಳ್ಳಿಯಲ್ಲಿ. ಅವಳು ಹುಟ್ಟಿದ ದಿನ ಅಜ್ಜಿ ಬಾಗಿಲಿಗೆ ಹುಲ್ಲಿನ ಹಗ್ಗ ಕಟ್ಟಿದ್ದರಂತೆ. ಗಂಡಾದರೆ ಹಗ್ಗಕ್ಕೆ ಕೆಂಪು ಮೆಣಸಿನಕಾಯಿ ಸಿಕ್ಕಿಸುತ್ತೇವೆ, ಹೆಣ್ಣಾದರೆ ಇದ್ದಿಲು ಮತ್ತು ಪೈನ್ ಮರದ ಹಸಿರು ಟೊಂಗೆ. ಆ ಹಗ್ಗ ಇರುವ ಇಪ್ಪತ್ತೊಂದು ದಿನ ಹೊರಗಿನವರು ಹೊಸ್ತಿಲು ದಾಟುವುದಿಲ್ಲ, ಕೆಟ್ಟದ್ದೂ ದಾಟುವುದಿಲ್ಲ. ನನ್ನ ಮನೆಗೂ ಕಟ್ಟಿದ್ದರು, ಗ್ಯೂಹೊ ಹುಟ್ಟಿದಾಗ. ಈಗ ಯಾರೂ ಕಟ್ಟುವುದಿಲ್ಲ, ನಾನೂ ಮರೆತಿದ್ದೆ.

"ಈ ಮಗೂಗೆ ಬಾಗಿಲೇ ಇಲ್ಲವಲ್ಲ ಮಾವ," ಎಂದಳು. "ಬರೀ ಗಾಜು. ಹಗ್ಗ ಎಲ್ಲಿ ಕಟ್ಟಲಿ? ಅದಕ್ಕೆ ಹೆಸರಲ್ಲೇ ಕಟ್ಟಿಬಿಟ್ಟೆ. ಸೊಲ್."

ಸೊಲ್ ಎಂದರೆ ಪೈನ್. ನಮ್ಮದೇ ಮಾತು, ಕಡ ತಂದ ಚೀನೀ ಅಕ್ಷರವಿಲ್ಲ, ಒಂದೇ ಉಸಿರಿನ ಹೆಸರು. ಪ್ಯೊ ಸೊಲ್. ಫೋನ್ ಕಿವಿಗೆ ಹಿಡಿದುಕೊಂಡೇ ಕೂತುಬಿಟ್ಟೆ. ಇವಳು ಪುಸ್ತಕ ಓದಿಲ್ಲ. ತಲೆಮಾರಿನ ಸರದಿ ಇವಳಿಗೆ ಗೊತ್ತಿಲ್ಲ, ಗ್ಯೂಹೊಗೂ ಸರಿಯಾಗಿ ಗೊತ್ತಿಲ್ಲ. ಕತ್ತಲಲ್ಲಿ ಕೈಚಾಚಿದಳು, ಕೈಗೆ ಮರವೇ ಸಿಕ್ಕಿತು. ನೀರಿನ ನಂತರ ಮರ. ಯಾರು ಹೀಗೆ ಎತ್ತಿಕೊಡುತ್ತಾರೆ, ಎಲ್ಲಿಂದ?

ಮಾವ, ಇದ್ದೀರಾ ಎಂದು ಎರಡು ಸಲ ಕೇಳಿದಳು. ಇದ್ದೇನೆ ಎಂದೆ.

ಮಾರ್ಚ್ 31, ಗುರುವಾರ

ಯುನ್‌ಸೊಕ್ ಅಣ್ಣನಿಗೆ ಚೀಟಿ ಕೊಟ್ಟುಬಂದೆ. ಕನ್ನಡಕ ಏರಿಸಿ ಓದಿದ. ಒಂದೇ ಅಕ್ಷರವಾ, ಬೇರು ಎಲ್ಲೋ ಎಂದ. ಮರವೇ ಇದೆಯಲ್ಲ ಅಣ್ಣ, ಬೇರು ಅದರ ಕೆಳಗೇ ಇರುತ್ತೆ ಎಂದೆ. ಅವನು ಬೆರಳು ಮಡಿಚಿ ಲೋಹ, ನೀರು ಎಂದು ಎಣಿಸಿದ. ಹಿರಿಯರಲ್ಲಿ ಯಾರಿಗಾದರೂ ಈ ಹೆಸರು ಇದೆಯಾ ಎಂದ. ಐದೂ ಸಂಪುಟ ಓದಿದ್ದೇನೆ, ಒಬ್ಬರಿಗೂ ಇಲ್ಲ, ಇವಳೇ ಮೊದಲು ಎಂದೆ. ಹೇಳುವಾಗ ಎದೆ ಉಬ್ಬಿತು, ಸುಳ್ಳು ಯಾಕೆ ಬರೆಯಲಿ.

ಆಮೇಲೆ ನನ್ನ ಸಾಲಿಗೆ ಬೆರಳಿಟ್ಟು ಕೇಳಿದ: "ಇದೇನೋ ಇದು, ಗಿಲ್ ಮಾಲ್ಹಿ? ಹೆಂಡತಿ ಜಾಗದಲ್ಲಿ ಊರು, ಮನೆತನ ಅಷ್ಟೇ ಬರೆಯೋದು."

ಜಾಗ ಖಾಲಿ ಬಿದ್ದಿತ್ತು, ಅದಕ್ಕೆ ಬರೆದೆ ಎಂದೆ. ಸಭೆಯಲ್ಲಿ ಕೇಳಬೇಕಾಗುತ್ತೆ ಎಂದ. ಕೇಳಲಿ. ಸೊಲ್‌ನ ಸಾಲಿಗೆ ಸೆರೊಮ್‌ಳ ಹೆಸರನ್ನೂ ಬರೆದಿದ್ದೇನೆ, ಅದನ್ನಿನ್ನೂ ಅವನು ನೋಡಿಲ್ಲ.

ಏಪ್ರಿಲ್ 1, ಶುಕ್ರವಾರ

ಬೆಳಿಗ್ಗೆ ದೇಗುವಿನಲ್ಲಿ ಗ್ಯೂಹೊನ ಜೊತೆ ವಾರ್ಡ್ ಕಚೇರಿಗೆ ಹೋದೆ. ಕೊನೆಯ ದಿನ. ಅವನಿಗೆ ನೆಗಡಿ, ಮುಖಕ್ಕೆ ಮಾಸ್ಕ್. ಕಿಟಕಿಯ ಹುಡುಗಿ ಅರ್ಜಿ ನೋಡುತ್ತ, ಹೆಸರಿನ ಚೀನೀ ಅಕ್ಷರದ ಮನೆ ಖಾಲಿ ಬಿಡಲಾ ಎಂದಳು. ಬಿಡಿ ಎಂದ. ಪ್ಯೊ ಸೊಲ್, ಹೆಣ್ಣು, ಸರಿ ತಾನೆ ಎಂದು ಗಟ್ಟಿಯಾಗಿ ಓದಿದಳು. ನಮ್ಮ ಹಿಂದೆ ಸರದಿಯಲ್ಲಿದ್ದ ಅಜ್ಜಿಯೊಬ್ಬಳು, ಚೆನ್ನಾಗಿದೆ ಹೆಸರು ಎಂದಳು. ಲೋಕಕ್ಕೆ ಅಷ್ಟು ಬೇಗ ಗೊತ್ತಾಯಿತು.

ನೆಗಡಿಯಾದವರನ್ನು ಒಳಗೆ ಬಿಡುವುದಿಲ್ಲ. ಇವತ್ತೊಂದು ದಿನ ಅಪ್ಪನ ಬದಲು ಅಜ್ಜ ಹೋಗಬಹುದು ಎಂದರು. ಮೊಣಕೈವರೆಗೆ ತೊಳೆಸಿದರು, ನಿಲುವಂಗಿ ತೊಡಿಸಿದರು. ಸೆರೊಮ್ ಹಾಲು ಹಿಂಡಲು ಪಕ್ಕದ ಕೋಣೆಗೆ ಹೋಗಿದ್ದಳು, ನೀವು ಕರೀತಾ ಇರಿ ಮಾವ, ಬಂದೆ ಎಂದಿದ್ದಳು.

ಗಾಜಿನ ಈಚೆಯಿಂದ ನೋಡಿದ್ದು ಏನೂ ಅಲ್ಲ. ಹತ್ತಿರದಿಂದ ಅವಳಿಗೆ ಹುಬ್ಬಿದೆ. ಪೆಟ್ಟಿಗೆಯ ಬದಿಯಲ್ಲಿ ಕೈ ಹೋಗುವಷ್ಟು ದುಂಡನೆಯ ಕಿಂಡಿ. ಅದಕ್ಕೆ ಬಾಯಿಟ್ಟು ಸೊಲ್ ಎಂದೆ. ಧ್ವನಿ ಬರಲಿಲ್ಲ. ಅತ್ತ ಕಡೆಯ ನರ್ಸ್, ಸ್ವಲ್ಪ ಜೋರಾಗಿ ಅಜ್ಜ, ಒಳಗೆ ಮಷೀನ್ ಸದ್ದಿರುತ್ತೆ ಎಂದಳು. ಜೋರಾಗಿ ಕರೆದೆ. ಮುಖ ಈ ಕಡೆ ತಿರುಗಿತು, ಕಣ್ಣು ಅರ್ಧ ತೆರೆಯಿತು, ಕಪ್ಪು, ತುಂಬ ಹಳೆಯ ಕಣ್ಣು. ಐನೂರು ವರ್ಷದ ಪುಸ್ತಕದಲ್ಲೂ ಇಷ್ಟು ಹಳೆಯದನ್ನು ನಾನು ಕಂಡಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತೆ. ಅರ್ಧ ಗಂಟೆ ಬಿಟ್ಟೂಬಿಡದೆ ಕರೆದೆ, ಬೇರೆ ಮಾತೇ ಆಡಲಿಲ್ಲ. ಸೆರೊಮ್ ಬಂದ ಮೇಲೆ ಮಗು ಮೊದಲ ಸಲ ಹಾಲಿನ ನಳಿಗೆಯಿಲ್ಲದೆ ಬಾಟಲಿಯಲ್ಲಿ ಹಾಲು ಕುಡಿಯಿತು, ಐದು ಮಿಲಿ.

ಹೊರಗೆ ನಿಲುವಂಗಿ ಬಿಚ್ಚಿಕೊಡುವಾಗ ನರ್ಸ್ ಸೆರೊಮ್‌ಳನ್ನು ಕೇಳಿದಳು, "ಮಗೂಗೆ ಎರಡು ಹೆಸರು ಇಟ್ಟಿದೀರಾ? ಅಜ್ಜ ಒಂದ್ಸಲ ಸೊಲ್ ಅಂತಾರೆ, ಒಂದ್ಸಲ ಮಾಲ್ಹಿ ಅಂತಾರೆ."

ಸೆರೊಮ್ ನನ್ನ ಮುಖ ನೋಡಿದಳು. ಇಲ್ಲಮ್ಮ, ಒಂದೇ ಹೆಸರು ಎಂದೆ. ಆ ಹುಡುಗಿಗೆ ಮಷೀನಿನ ಸದ್ದಿನಲ್ಲಿ ಏನೋ ಕೇಳಿಸಿರಬೇಕು. ನಾನು ಕರೆದದ್ದು ನನಗೆ ಚೆನ್ನಾಗಿ ನೆನಪಿದೆ.